ಮಾರ್ಜಿನ್ ಬಿಟ್ಟು ಬರೆದ ಜ್ವರ

ಪ್ರಿಂಟು ಎಂಬ ಹೆಸರು ಅವಳಿಗೆ ಹೆತ್ತವರು ಇಟ್ಟದ್ದಲ್ಲ. ಅವರಿಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ತೆಪ್ಪಗೆ ಬಿದ್ದುಕೊಂಡಿತ್ತು. ಹೈಸ್ಕೂಲಿಗೆ ಸೇರಿದ ಎರಡನೇ ವಾರ ಇಂಗ್ಲಿಷ್ ಮೇಷ್ಟ್ರು ಅವಳ ನೋಟ್‌ಬುಕ್ಕನ್ನು ಕ್ಲಾಸಿನ ಮುಂದೆ ಎತ್ತಿ ಹಿಡಿದು, "ನೋಡ್ರೋ, ಕಣ್ಣು ಬಿಟ್ಟು ನೋಡಿ! ಇದು ಕೈಬರಹ ಅಲ್ಲ, ಪ್ರಿಂಟು!" ಎಂದು ಕೂಗಿದ್ದೇ ತಡ, ಮಧ್ಯಾಹ್ನದ ಬೆಲ್ಲು ಹೊಡೆಯುವಷ್ಟರಲ್ಲಿ ಆ ಹೆಸರು ಇಡೀ ಶಾಲೆಗೆ ಗೊತ್ತಾಗಿತ್ತು. ಸಂಜೆಯ ಹೊತ್ತಿಗೆ ಬೀದಿಗೂ ಬಂದಿತ್ತು.

ಅಕ್ಷರವೇನೋ ನಿಜಕ್ಕೂ ಮುತ್ತು ಪೋಣಿಸಿದ ಹಾಗಿತ್ತು. ಒಂದಕ್ಷರ ಗೆರೆಯಿಂದ ಕೆಳಗೆ ಜಾರಿದ್ದಿಲ್ಲ, ಒಂದು ಚುಕ್ಕಿ ಆಚೀಚೆ ಬಿದ್ದಿದ್ದಿಲ್ಲ. ಕೊರತೆ ಅಂತ ಇದ್ದದ್ದು ಒಂದೇ ಒಂದು, ಅದೂ ಬಹಳ ಸಣ್ಣದು. ಬರೆದದ್ದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ಚಿಲ್ಲರೆ ವಿಷಯಕ್ಕೆ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ? ಯಾರೂ ಕೆಡಿಸಿಕೊಳ್ಳಲಿಲ್ಲ. ಎಂಟನೇ ತರಗತಿಯಲ್ಲೂ ಒಂಬತ್ತನೆಯದರಲ್ಲೂ ಇಂಗ್ಲಿಷಿಗೆ ಅವಳೇ ಫಸ್ಟು.

ಮೇಷ್ಟ್ರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಪಾಪ. ಅವರು ಅಸಲಿಗೆ ಭೂಗೋಳದವರು. ಹಳೇ ಇಂಗ್ಲಿಷ್ ಮೇಷ್ಟ್ರಿಗೆ ವರ್ಗವಾದಾಗ, "ಹೊಸಬರು ಬರೋವರೆಗೆ ಸ್ವಲ್ಪ ನೋಡ್ಕೊಳ್ಳಿ" ಎಂದು ಹೆಡ್‌ಮಾಸ್ಟರು ಹೇಳಿ ಒಂಬತ್ತು ವರ್ಷವಾಗಿತ್ತು. ಹೊಸಬರು ಇನ್ನೂ ದಾರಿಯಲ್ಲಿದ್ದರು. ಅಲ್ಲಿಯವರೆಗೆ ಮೇಷ್ಟ್ರು ತಮಗೆ ತೋಚಿದ ಹಾಗೆ ನೋಡಿಕೊಂಡರು. ಗೈಡಿನಲ್ಲಿದ್ದ ಉತ್ತರವನ್ನು ಬೋರ್ಡಿಗೆ ಇಳಿಸುವುದು, ಬೋರ್ಡಿನಲ್ಲಿದ್ದದ್ದನ್ನು ಮಕ್ಕಳು ನೋಟ್‌ಬುಕ್ಕಿಗೆ ಇಳಿಸುವುದು, ನೋಟ್‌ಬುಕ್ಕಿನಲ್ಲಿದ್ದದ್ದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಇಳಿಸುವುದು. ಹೀಗೆ ಇಂಗ್ಲಿಷು ಯಾರ ತಲೆಗೂ ತಾಗದೆ ಕಾಗದದಿಂದ ಕಾಗದಕ್ಕೆ ಇಳಿಯುತ್ತಿತ್ತು. ಹತ್ತು ಅಂಕದಲ್ಲಿ ಎರಡು ಮಾರ್ಜಿನ್ನಿಗೆ, ಎರಡು ತಲೆಬರಹದ ಕೆಳಗೆ ಎಳೆದ ಗೆರೆಗೆ, ನಾಲ್ಕು ಅಕ್ಷರದ ಅಂದಕ್ಕೆ. ಉಳಿದ ಎರಡು "ಒಳಗಿನ ವಿಷಯಕ್ಕೆ". ಆ ಎರಡನ್ನು ಅವರು ಎಲ್ಲರಿಗೂ ಧಾರಾಳವಾಗಿ ಕೊಟ್ಟುಬಿಡುತ್ತಿದ್ದರು, ಏಕೆಂದರೆ ಕೊಡದೆ ಇರಬೇಕಾದರೆ ಓದಬೇಕಾಗುತ್ತಿತ್ತು.

ಪತ್ರ ಬರೆಯುವ ಪ್ರಶ್ನೆಗೆ ಒಂದೇ ಪತ್ರ. ಜ್ವರ ಬಂದಿದೆ, ಎರಡು ದಿನ ರಜೆ ಕೊಡಿ ಎಂದು ಹೆಡ್‌ಮಾಸ್ಟರಿಗೆ ಬರೆಯುವ ರಜಾ ಅರ್ಜಿ. "ಒಂಬತ್ತು ವರ್ಷದಿಂದ ಇದೇ ಬಂದಿದೆ, ಇದೇ ಬರುತ್ತೆ. ಬೇರೆ ಬಂದ್ರೆ ನನ್ನನ್ನ ಕೇಳಿ" ಎಂದು ಮೇಷ್ಟ್ರು ಎದೆ ತಟ್ಟಿ ಹೇಳುತ್ತಿದ್ದರು. ಒಮ್ಮೆ ಪ್ರಿಂಟು ಎದ್ದು ನಿಂತು, "ಸರ್, ಈ ಸಾಲಿಗೆ ಅರ್ಥ ಏನು?" ಎಂದು ಕೇಳಿದ್ದುಂಟು. "ಅರ್ಥ ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದರು. ಅವಳು ಕೂತಳು. ಮತ್ತೆ ಎದ್ದು ಕೇಳಲಿಲ್ಲ.

ಮನೆಯಲ್ಲಿ ಇದ್ದದ್ದು ಅವಳು, ಅವಳ ಅಮ್ಮ, ಇಬ್ಬರೇ. ಅಮ್ಮ ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಆಸ್ಪತ್ರೆ, ಹೋಟೆಲುಗಳಿಂದ ರಾಶಿ ರಾಶಿ ಬರುವ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಜಾಗ. ಅಮ್ಮನದು ರೋಲರ್ ಯಂತ್ರದ ಮುಂದಿನ ಕೆಲಸ. ಕುದಿಯುವಷ್ಟು ಬಿಸಿಯಾದ ಎರಡು ಉದ್ದನೆಯ ಉರುಳೆಗಳ ನಡುವೆ ಒದ್ದೆ ಚಾದರದ ಅಂಚನ್ನು ಕೊಡಬೇಕು. ಆ ಕಡೆಯಿಂದ ಅದು ಗರಿಗರಿಯಾಗಿ ಹೊರಗೆ ಬರುತ್ತದೆ. ಹನ್ನೆರಡು ವರ್ಷ ಹೀಗೆ ಚಾದರ ಕೊಟ್ಟು ಕೊಟ್ಟು ಅಮ್ಮ ಮಗಳನ್ನು ಹೈಸ್ಕೂಲಿಗೆ ತಂದಿದ್ದಳು. ತಾನು ಓದಿದ್ದು ನಾಲ್ಕನೇ ತರಗತಿ. ಮಗಳ ಇಂಗ್ಲಿಷ್ ನೋಟ್‌ಬುಕ್ಕನ್ನು ಒಂದು ದಿನ ಕೆಲಸಕ್ಕೆ ಒಯ್ದು ಚಹಾದ ಹೊತ್ತಿನಲ್ಲಿ ತೋರಿಸಿದ್ದಳು. ಜೊತೆಯ ಹೆಂಗಸರು ಕೈ ಒರೆಸಿಕೊಂಡು ಪುಟ ಮುಟ್ಟಿ, "ಅಬ್ಬಾ, ನಿನ್ನ ಮಗಳಿಗೆ ಇಷ್ಟೊಂದು ಬರುತ್ತಾ!" ಎಂದಿದ್ದರು. ಆವತ್ತು ಅಮ್ಮನ ಕಾಲು ನೆಲದ ಮೇಲಿರಲಿಲ್ಲ.

ಬೀದಿಯವರಿಗೂ ಪ್ರಿಂಟುವಿನ ಮೇಲೆ ಅಷ್ಟೇ ಭರವಸೆ. ಔಷಧಿ ಬಾಟಲಿ ಹಿಡಿದು ಪಕ್ಕದ ಮನೆಯವರು ಬರುತ್ತಿದ್ದರು. ಅವಳು ಬಾಟಲಿಯನ್ನು ತಿರುಗಿಸಿ, ಹುಬ್ಬು ಗಂಟಿಕ್ಕಿ, "ಊಟ ಆದ್ಮೇಲೆ ಒಂದು ಚಮಚ ಅಂತ ಇದೆ ಅತ್ತೆ" ಎನ್ನುತ್ತಿದ್ದಳು. ಆ ಬೀದಿಯಲ್ಲಿ ಕೆಮ್ಮಿನ ಔಷಧಿ, ಕೂದಲಿಗೆ ಹಚ್ಚುವ ಔಷಧಿ, ಎಲ್ಲವೂ ಊಟವಾದ ಮೇಲೆ ಒಂದು ಚಮಚವೇ. ಯಾರೂ ಸಾಯಲಿಲ್ಲ ಎಂಬುದು ಆ ಬೀದಿಯವರ ಗಟ್ಟಿತನಕ್ಕೆ ಸಾಕ್ಷಿ.

ಅವಳು ಹತ್ತನೇ ತರಗತಿಗೆ ಬಂದ ವರ್ಷ ಅಮ್ಮನ ಬಲಗೈ ರೋಲರಿಗೆ ಸಿಕ್ಕಿತು. ಕೈ ಒಳಗೆ ಹೋಗದ ಹಾಗೆ ಯಂತ್ರದ ಮುಂದೆ ಒಂದು ಅಡ್ಡ ಕಂಬಿ ಇರುತ್ತದೆ. ಅದು ಮುರಿದು ನಾಲ್ಕು ತಿಂಗಳಾಗಿತ್ತು. ಅಮ್ಮ ಮೂರು ಸಲ ಹೇಳಿದ್ದಳು. ಮೂರನೇ ಸಲ ಹೇಳಿದಾಗ ಆಫೀಸಿನವರಿಗೂ ಕನಿಕರ ಬಂದು, ಹಳೇ ಚಾದರದ ಪಟ್ಟಿ ಹರಿದು ಕಂಬಿಯನ್ನು ಕಟ್ಟಿಸಿದ್ದರು. ಆ ಪಟ್ಟಿ ಒಂದು ಸೋಮವಾರ ಬಿಚ್ಚಿಕೊಂಡಿತು. ಬೆರಳುಗಳೂ ಮುಂಗೈಯೂ ಬೆಂದವು. ಮೂರು ವಾರ ಕೈ ಅಲುಗಾಡಿಸಬಾರದು ಎಂದು ಡಾಕ್ಟರು ದಪ್ಪಗೆ ಬ್ಯಾಂಡೇಜು ಸುತ್ತಿ ಕಳಿಸಿದರು.

ನಾಲ್ಕನೇ ದಿನ ಲಾಂಡ್ರಿಯಿಂದ ಜೊತೆಯ ಹೆಂಗಸೊಬ್ಬಳ ಕೈಯಲ್ಲಿ ಮಾತು ಬಂತು. ಯಾಕೆ ಬರುತ್ತಿಲ್ಲ, ಏನಾಯಿತು, ಎಷ್ಟು ದಿನ ಬೇಕು ಎಂದು ಶನಿವಾರದೊಳಗೆ ಕಾಗದ ಬರೆದು ಕೊಡಬೇಕು. ಕೊಡದಿದ್ದರೆ ಹೆಸರು ತೆಗೆಯುತ್ತಾರೆ. ಕಾಗದ ಇಂಗ್ಲಿಷಿನಲ್ಲೇ ಇರಬೇಕು, ಏಕೆಂದರೆ ಫೈಲು ಬೇರೆ ಊರಿನ ಮೇಲಿನ ಆಫೀಸಿಗೆ ಹೋಗುತ್ತದೆ, ಅಲ್ಲಿಯವರಿಗೆ ನಮ್ಮ ಭಾಷೆ ಬರುವುದಿಲ್ಲ. ಏನಾಯಿತು ಎಂದು ಲಾಂಡ್ರಿಯವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈಯನ್ನು ರೋಲರಿನಿಂದ ಬಿಡಿಸಿದವರೇ ಅವರು. ಆದರೆ ಕಾಗದ ಬರದೆ ಗೊತ್ತಾದದ್ದು ಆಫೀಸಿನ ಲೆಕ್ಕಕ್ಕೆ ಬರುವುದಿಲ್ಲ.

"ಬಿಡೇ, ನಮಗೇನು ಚಿಂತೆ? ಬೇರೆಯವರು ಇಂಗ್ಲಿಷ್ ಹುಡ್ಕೊಂಡು ಹೋಗಬೇಕು, ನಮ್ಮನೇಲೇ ಇದೆ" ಎಂದಳು ಅಮ್ಮ. ಬಂದ ಹೆಂಗಸು, "ಹೌದಲ್ಲ, ಪುಣ್ಯವಂತೆ ನೀನು" ಎಂದು ಹೋದಳು.

ಪ್ರಿಂಟು ನಿಜ ಹೇಳಬಹುದಿತ್ತು, ಆಗಲೇ. ಬಾಯಿಗೆ ಬಂದ ಮಾತನ್ನು ಅಮ್ಮನ ಮುಖ ನೋಡಿ ನುಂಗಿಕೊಂಡಳು. ಆಮೇಲೆ ಕಿಟಕಿಯ ಪಕ್ಕ ಕೂತು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವಳ ಯೋಚನೆ ತೀರಾ ದಡ್ಡತನದ್ದೇನೂ ಅಲ್ಲ. ಎರಡೂವರೆ ವರ್ಷದಲ್ಲಿ ಅವಳು ಏಳು ನೋಟ್‌ಬುಕ್ ತುಂಬ ಇಂಗ್ಲಿಷ್ ಬರೆದಿದ್ದಳು. ಅದರಲ್ಲಿ ಒಂದೇ ಒಂದು ಸಾಲನ್ನು ಯಾರೂ ಓದಿರಲಿಲ್ಲ. ಎಲ್ಲರೂ ನೋಡಿದ್ದರು. ಇಂಗ್ಲಿಷ್ ಎಂದರೆ ನೋಡುವ ವಸ್ತು, ಅದನ್ನು ಯಾರೂ ಓದುವುದಿಲ್ಲ ಎಂದು ಅವಳು ಮನಸಾರೆ ನಂಬಿದ್ದಳು. ಲಾಂಡ್ರಿಯ ಮ್ಯಾನೇಜರು ಅಂದರೆ ಇನ್ನೊಂದು ಥರದ ಹೆಡ್‌ಮಾಸ್ಟರು ತಾನೇ? ಇಂಗ್ಲಿಷಿನಲ್ಲಿ ಚೆಂದದ ಕಾಗದ ಬೇಕಂತೆ, ಕೊಟ್ಟರಾಯಿತು.

ಕೊಟ್ಟಳು. ಅಳತೆಪಟ್ಟಿ ಇಟ್ಟು ಮಾರ್ಜಿನ್ ಎಳೆದು, ಅಮ್ಮನ ಗುರುತಿನ ಚೀಟಿ ನೋಡಿ ಮೇಲೆ ಲಾಂಡ್ರಿಯ ವಿಳಾಸ ಬರೆದು, ಹೆಡ್‌ಮಾಸ್ಟರ್ ಎಂದಿದ್ದಲ್ಲಿ ಮ್ಯಾನೇಜರ್ ಎಂದು ಹಾಕಿ, ತರಗತಿಯ ಅಂಕಿ ಇರುವ ಸಾಲನ್ನು ಜಾಣತನದಿಂದ ಬಿಟ್ಟು, ಉಳಿದ ರಜಾ ಅರ್ಜಿಯನ್ನು ಯಥಾವತ್ತಾಗಿ ಇಳಿಸಿದಳು. ಅದರಲ್ಲಿ ಎಲ್ಲೋ ಜ್ವರ ಇದೆ ಎಂದು ಅವಳಿಗೆ ನೆನಪಿತ್ತು. ಇರಲಿ, ಕೈ ಸುಟ್ಟವರಿಗೆ ಜ್ವರವೂ ಬರುತ್ತದಲ್ಲ ಎಂದುಕೊಂಡಳು. ಅಮ್ಮ ಎಡಗೈಯಲ್ಲಿ ಕಷ್ಟಪಟ್ಟು ಸಹಿ ಹಾಕಿದಳು. ಶನಿವಾರ ಬ್ಯಾಂಡೇಜಿನ ಕೈಯನ್ನು ಎದೆಗಾನಿಸಿಕೊಂಡು ತಾನೇ ಹೋಗಿ ಗುಮಾಸ್ತನಿಗೆ ಕೊಟ್ಟಳು. ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು, "ಆಹಾ! ಯಾರಮ್ಮ ಬರೆದಿದ್ದು? ಏನು ಅಕ್ಷರ, ಏನು ಅಕ್ಷರ!" ಎಂದನಂತೆ.

ಎರಡು ದಿನದ ಮೇಲೆ ಉತ್ತರ ಬಂತು, ಅದೂ ಇಂಗ್ಲಿಷಿನಲ್ಲೇ. "ಓದೇ" ಎಂದು ಅಮ್ಮ ಮುಂದೆ ಕೂತಳು. ಪ್ರಿಂಟು ಮೇಲಿಂದ ಕೆಳಗೆ ಕಣ್ಣಾಡಿಸಿದಳು. ತನ್ನ ಅರ್ಜಿಯಲ್ಲಿದ್ದ 'ಲೀವ್', 'ಗ್ರಾಂಟ್' ಎಂಬೆರಡು ಮುಖಗಳ ಗುರುತು ಸಿಕ್ಕಿತು. "ರಜೆ ಕೊಟ್ಟಿದ್ದಾರಮ್ಮ" ಎಂದಳು. ಸುಳ್ಳಲ್ಲ, ಕೊಟ್ಟಿದ್ದರು. ಎಷ್ಟು ದಿನ ಎಂದು ಅಮ್ಮ ಕೇಳಲಿಲ್ಲ, ಮಗಳಿಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಇಷ್ಟು ಸಲೀಸಾಗಿ ಕೆಲಸ ಮಾಡುತ್ತದೆಂದು ಅವಳಿಗೇ ಆಶ್ಚರ್ಯವಾಯಿತು. ಆ ವಾರ ಅವಳಿಗೆ ಸ್ವಲ್ಪ ಕೊಂಬೂ ಬಂದಿತ್ತು.

ಮೂರು ವಾರ ಕಳೆದ ಮೇಲೆ ಅಮ್ಮ ಕೆಲಸಕ್ಕೆ ಹೊರಟಳು. ಗೇಟಿನಲ್ಲೇ ಕಾವಲುಗಾರ ತಡೆದ. "ಅಕ್ಕಾ, ನಿಮ್ಮ ಹೆಸರು ತೆಗೆದಿದ್ದಾರೆ." ಒಳಗೆ ಹೋಗಿ ಕೇಳಿದಳು. ಗುಮಾಸ್ತ ಫೈಲು ಬಿಡಿಸಿದ. "ನಿಮಗೆ ಜ್ವರ ಬಂದಿತ್ತು ಅಂತ ಎರಡು ದಿನ ರಜೆ ಕೇಳಿದ್ರಿ. ನಾವು ಕೊಟ್ವಿ. ಅದಾದ್ಮೇಲೆ ಹೇಳದೆ ಕೇಳದೆ ಹದಿನೈದು ದಿನ ನಾಪತ್ತೆ. ಇನ್ನೇನಮ್ಮ ಮಾಡೋದು?" ಕಟ್ಟು ಬಿಚ್ಚದ ಕೈಯನ್ನು ಅಮ್ಮ ಅವನ ಮೇಜಿನ ಮೇಲೆ ಇಟ್ಟಳು. ಅವನು ಸೌಜನ್ಯದಿಂದ ತನ್ನ ಪೇಪರ್‌ವೆಯ್ಟನ್ನು ಆಚೆ ಸರಿಸಿದ. "ಕೈ ವಿಷಯ ಕಾಗದದಲ್ಲಿ ಇಲ್ಲವಲ್ಲ" ಎಂದ.

ಪ್ರಿಂಟು ಶಾಲೆಯಿಂದ ಬಂದಾಗ ಅಮ್ಮ ಹೊಸ್ತಿಲಲ್ಲೇ ಕೂತಿದ್ದಳು.

"ನಂಗೆ ಜ್ವರ ಯಾವಾಗ ಬಂದಿತ್ತೇ?"

ಹುಡುಗಿ ಚೀಲವನ್ನು ಕೆಳಗಿಟ್ಟಳು.

"ನಿನ್ನನ್ನೇ ಕೇಳ್ತಿರೋದು. ನನ್ನ ಕೈ ಬೆಂದಿದ್ದು ನಿನ್ನ ಕಣ್ಣಿಗೆ ಕಾಣ್ಲಿಲ್ವಾ? ಜ್ವರ ಅಂತ ಯಾಕೆ ಬರೆದೆ?"

"ನಂಗೆ… ನಂಗೆ ಇಂಗ್ಲಿಷ್ ಬರಲ್ಲಮ್ಮ."

"ಏನಂದೆ? ಫಸ್ಟ್ ಬರ್ತೀಯಲ್ಲೇ!"

"ಫಸ್ಟ್ ಬರ್ತೀನಿ. ಇಂಗ್ಲಿಷ್ ಬರಲ್ಲ."

ಅಮ್ಮನಿಗೆ ಇದು ಸುಲಭಕ್ಕೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಬೈಯಲಿಲ್ಲ, ಅದೇ ಪ್ರಿಂಟುವಿಗೆ ಹೆಚ್ಚು ಉರಿಯಿತು. "ಲಾಂಡ್ರೀಲಿ ಎಲ್ಲರ ಮುಂದೆ ಹೇಳ್ಕೊಂಡು ತಿರುಗಿದ್ನಲ್ಲೇ" ಎಂದು ಒಂದು ಮಾತು ಅಂದು ಒಳಗೆ ಹೋದಳು. ಮಗಳು ಹೊಸ್ತಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು. "ಅತ್ತಿದ್ದು ಸಾಕು. ನಾಳೆ ನಿಮ್ಮ ಮೇಷ್ಟ್ರ ಹತ್ರ ಹೋಗಿ ಸರಿಯಾಗಿ ಬರೆಸ್ಕೊಂಡು ಬಾ."

ಮೇಷ್ಟ್ರು ಎಲ್ಲವನ್ನೂ ಕೇಳಿದರು. ಕೇಳಿ, ಬಿಳಿ ಹಾಳೆ ತೆಗೆದು, ಮಾರ್ಜಿನ್ ಎಳೆದರು. ದಿನಾಂಕ ಹಾಕಿದರು. 'ಸರ್' ಎಂದು ಬರೆದು ಅಲ್ಪವಿರಾಮ ಇಟ್ಟರು. ಆಮೇಲೆ ಪೆನ್ನಿನ ತುದಿಯನ್ನು ನೋಡುತ್ತ ಕೂತರು. ಹೊರಗೆ ಡ್ರಿಲ್ ಮೇಷ್ಟ್ರ ಸೀಟಿ ಎರಡು ಸಲ ಕೇಳಿತು. ಕೊನೆಗೆ, "ನೋಡಮ್ಮ, ರೋಲರು, ಕಂಬಿ… ಇವೆಲ್ಲ ಸಿಲೆಬಸ್ಸಿನಲ್ಲಿ ಇಲ್ಲ" ಎಂದರು. ಹುಡುಗಿ ಅಲ್ಲಾಡದೆ ನಿಂತೇ ಇದ್ದಳು. ಆಗ ಅವರು ದನಿ ತಗ್ಗಿಸಿ, "ನಿಜ ಹೇಳಬೇಕು ಅಂದ್ರೆ, ಆ ರಜಾ ಅರ್ಜಿ ಬಿಟ್ಟು ನಾನೂ ಬೇರೆ ಬರೆದೋನಲ್ಲ" ಎಂದರು. ಒಂಬತ್ತು ವರ್ಷದಲ್ಲಿ ಆ ಕ್ಲಾಸಿನಲ್ಲಿ ಇಂಗ್ಲಿಷಿನ ಬಗ್ಗೆ ಆಡಿದ ಮೊದಲ ನಿಜವಾದ ಮಾತು ಅದು. ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗಿ, ಬೀರುವಿನ ಬೀಗ ತೆಗೆದು, ಒಂದು ದಪ್ಪ ನಿಘಂಟು ತಂದು ಅವಳ ಕೈಗಿಟ್ಟರು. ಅದರ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಎಂಟು ಸಾಲು ಬರೆಯಲು ಪ್ರಿಂಟುವಿಗೆ ಮೂರು ದಿನ ಬೇಕಾಯಿತು. ಒಂದೊಂದು ಪದವನ್ನೂ ನಿಘಂಟಿನಿಂದ ಅಗೆದು ತೆಗೆಯಬೇಕು, ತೆಗೆದದ್ದನ್ನು ಎಲ್ಲಿಡಬೇಕೋ ತಿಳಿಯದೆ ಇಟ್ಟು, ಹೊಡೆದುಹಾಕಿ, ಮತ್ತೆ ಇಡಬೇಕು. ಕಾಗದ ನೋಡಲು ಕೋಳಿ ಕೆದರಿದ ಹಾಗಿತ್ತು. ಅದರಲ್ಲಿದ್ದದ್ದು ಇಷ್ಟು. ಅಮ್ಮನಿಗೆ ಜ್ವರ ಇಲ್ಲ. ಜ್ವರ ನಾನು ಬರೆದ ಸುಳ್ಳು. ನನಗೆ ಇಂಗ್ಲಿಷ್ ಬರುವುದಿಲ್ಲ. ಯಂತ್ರದ ಕಂಬಿ ಮುರಿದಿತ್ತು. ಅಮ್ಮ ಮೂರು ಸಲ ಹೇಳಿದಳು. ಬಟ್ಟೆಯಿಂದ ಕಟ್ಟಿದರು. ಅಮ್ಮನ ಕೈ ಬೆಂದಿತು. ನೋವು ಇದೆ.

ತಾಯಿ ಮಗಳು ಇಬ್ಬರೂ ಆಫೀಸಿಗೆ ಹೋದರು. ಗುಮಾಸ್ತ ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿ ನಕ್ಕ. "ಇದನ್ನ ಬರೆದೋರು ಇದನ್ನೂ ಬರೆದರು ಅಂದ್ರೆ ಯಾರಮ್ಮ ನಂಬ್ತಾರೆ? ಮೊದಲ್ನೇದು ಕಲಿತೋರ ಕಾಗದ. ಇದು ಯಾರೋ ಏನೂ ಬರದೋರು ಗೀಚಿದ್ದು." ಆದರೂ ಎರಡನೆಯದನ್ನು ಓದಿದ. ಓದಿ, ನಗು ನಿಲ್ಲಿಸಿ, ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರ ಹತ್ತಿರ ಓಡಿದ. ಬರುವಾಗ ಕೈಯಲ್ಲಿ ಟೈಪು ಮಾಡಿದ ಹಾಳೆಯೊಂದಿತ್ತು, ಬಾಯಲ್ಲಿ ಬೆಣ್ಣೆಯಂಥ ಮಾತಿತ್ತು.

"ಮ್ಯಾನೇಜರ್ ಸಾಹೇಬ್ರದು ದೊಡ್ಡ ಮನಸ್ಸು. ಸೋಮವಾರದಿಂದಲೇ ಕೆಲಸಕ್ಕೆ ಬನ್ನಿ. ಮಗಳೇ, ಈ ಹಾಳೇಲಿ ಇರೋದನ್ನ ನಿನ್ನ ಮುತ್ತಿನಂಥ ಅಕ್ಷರದಲ್ಲಿ ಹಾಗೇ ಇಳಿಸು. ಅಮ್ಮ ಒಂದು ಸಹಿ ಹಾಕ್ಲಿ. ಆ ಗೀಚಿದ ಕಾಗದ ಹರಿದು ಬಿಸಾಕು."

ಅಮ್ಮನ ಮುಖ ಅರಳಿತು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸರ್" ಎಂದಳು. ಪ್ರಿಂಟು ಅಳತೆಪಟ್ಟಿ ತೆಗೆದಳು. ಕೈ ತಾನಾಗಿ ಓಡಿತು. ವಿಳಾಸ ಇಳಿಯಿತು, ತಾರೀಖು ಇಳಿಯಿತು, ಮೊದಲ ಸಾಲು ಎಷ್ಟು ಅಂದವಾಗಿ ಇಳಿಯಿತೆಂದರೆ ಗುಮಾಸ್ತ ಬಗ್ಗಿ ನೋಡಿ ತಲೆದೂಗಿದ. ಎರಡನೇ ಸಾಲಿನಲ್ಲಿ ಅವಳು ನಿಂತಳು.

"ಸರ್, ಇದರಲ್ಲಿ ಏನಿದೆ?"

"ಏನೂ ಇಲ್ಲಮ್ಮ, ಮಾಮೂಲಿ. ನೀನು ಬರಿ."

"ಅರ್ಥ ಹೇಳಿ ಸರ್, ಬರೀತೀನಿ."

"ಅರ್ಥ ಕಟ್ಕೊಂಡು ನಿನಗೇನಾಗಬೇಕು? ಕೆಲಸ ಬೇಕೋ ಬೇಡವೋ?"

ಪ್ರಿಂಟು ಚೀಲದಿಂದ ನಿಘಂಟು ತೆಗೆದು ಮೇಜಿನ ಮೇಲಿಟ್ಟಳು. ಗುಮಾಸ್ತ ಗಡಿಯಾರ ನೋಡಿದ, ಕೆಮ್ಮಿದ, "ಸಾಹೇಬ್ರು ಹೊರಟು ಹೋಗ್ತಾರೆ" ಎಂದ, "ಏನಮ್ಮ ನಿಮ್ಮ ಹುಡುಗಿ ದುರಹಂಕಾರ" ಎಂದ. "ಬೇಗ ಬರೆದುಬಿಡೇ" ಎಂದು ಅಮ್ಮನೂ ಅಂಗಲಾಚಿದಳು. ಹುಡುಗಿ ಬೆರಳಿಟ್ಟು ಪುಟ ಹುಡುಕುತ್ತಲೇ ಇದ್ದಳು. ಕಾಲು ಗಂಟೆಯಾದ ಮೇಲೆ ಒಂದು ಉದ್ದನೆಯ ಪದ ಸಿಕ್ಕಿತು. 'ನೆಗ್ಲಿಜೆನ್ಸ್'. ಅಜಾಗರೂಕತೆ, ಅಲಕ್ಷ್ಯ. ಅದರ ಹಿಂದಿದ್ದ 'ಮೈ ಓನ್' ಎಂಬ ಎರಡು ಸಣ್ಣ ಪದಗಳಿಗೆ ನಿಘಂಟು ಬೇಕಾಗಲಿಲ್ಲ.

"ಅಮ್ಮ, ಕೈ ಸುಟ್ಟಿದ್ದು ನಿನ್ನದೇ ತಪ್ಪಿನಿಂದ ಅಂತ ಇದೆ. ಹಾಗಂತ ನೀನೇ ಹೇಳ್ತಿದ್ದೀಯ ಅಂತ."

ಅಮ್ಮ ಎಡಗೈಯಲ್ಲಿ ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟಳು. ಅವಳಿಗೆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದು ಅವಳಿಗೆ ಮಾತ್ರ ಗೊತ್ತು. ಸ್ವಲ್ಪ ಹೊತ್ತು ಗಾಜಿನ ಕೋಣೆಯ ಕಡೆ ನೋಡಿದಳು. ಆಮೇಲೆ ಗುಮಾಸ್ತನ ಕಡೆ ತಿರುಗಿದಳು.

"ಕಂಬಿ ಮುರಿದಿದೆ ಅಂತ ನಾನು ಮೂರು ಸಲ ಹೇಳಿದೆ ಸರ್. ನಮ್ಮ ಭಾಷೇಲೇ, ನಿಮ್ಮ ಎದುರಿಗೇ ಹೇಳಿದೆ. ಆಗ ಯಾರಿಗೂ ಕೇಳಿಸ್ಲಿಲ್ಲ. ಇಂಗ್ಲಿಷಲ್ಲಿ ಬರೀರಿ ಅಂದ್ರಿ. ನನ್ನ ಮಗಳು ಬರೆದಿದ್ದಾಳೆ. ಇದನ್ನೇ ಮೇಲಿನ ಆಫೀಸಿಗೆ ಕಳಿಸಿ. ತಗೊಂಡಿದ್ದೀವಿ ಅಂತ ಇನ್ನೊಂದು ಹಾಳೆ ಮೇಲೆ ಸೀಲು ಹಾಕಿ ಕೊಡಿ."

"ಹಾಗಾದ್ರೆ ಸೋಮವಾರ ಬರೋದು ಬೇಡ."

"ಬರಲ್ಲ. ಸೀಲು ಹಾಕಿ."

ಸೀಲು ಬಿತ್ತು. ಸೀಲು ಬಿದ್ದ ಮೇಲೆ ಕಾಗದ ಆಫೀಸಿನ ಲೆಕ್ಕಕ್ಕೆ ಬಂದ ಹಾಗೆ, ಅದು ಮೇಲಿನ ಆಫೀಸಿಗೆ ಹೋಗಲೇಬೇಕಾಯಿತು. ಸೋಮವಾರಗಳು ನಾಲ್ಕು ಕಳೆದವು. ಆ ನಾಲ್ಕು ವಾರ ಹೇಗೆ ಕಳೆದವೆಂದು ಅಮ್ಮ ಯಾರಿಗೂ ಹೇಳಲಿಲ್ಲ. ಪ್ರಿಂಟು ದಿನವೂ ನಿಘಂಟು ಹಿಡಿದು ಅಮ್ಮನ ಎದುರು ಕೂರುತ್ತಿದ್ದಳು.

ಐದನೇ ವಾರ ಮೇಲಿನ ಆಫೀಸಿನಿಂದ ಒಬ್ಬ ಹೆಂಗಸು ಬಂದಿಳಿದಳು. ನಮ್ಮ ಭಾಷೆಯ ಗಂಧಗಾಳಿಯಿಲ್ಲದ ಅಧಿಕಾರಿ. ಕೈಯಲ್ಲಿ ಗೀಚಿದ ಕಾಗದವಿತ್ತು. ನೇರವಾಗಿ ರೋಲರಿನ ಮುಂದೆ ಹೋಗಿ ನಿಂತು, ಕಂಬಿಗೆ ಕಟ್ಟಿದ್ದ ಹೊಸ ಚಾದರದ ಪಟ್ಟಿಯ ಫೋಟೋ ತೆಗೆದಳು. ಹೌದು, ಪಟ್ಟಿ ಮಾತ್ರ ಹೊಸದು ಕಟ್ಟಿದ್ದರು. ಮ್ಯಾನೇಜರು ಅಲ್ಲೇ ಬೆವರು ಒರೆಸಿಕೊಂಡರು. ಅಮ್ಮನಿಗೂ ಮಗಳಿಗೂ ಕರೆ ಹೋಯಿತು. ಕೈ ಪೂರ್ತಿ ವಾಸಿಯಾಗುವವರೆಗೆ ರಜೆ, ಆಮೇಲೆ ಬಟ್ಟೆ ಎಣಿಸುವ ಮೇಜಿನಲ್ಲಿ ಕೆಲಸ, ಹೆಸರು ಮತ್ತೆ ಪುಸ್ತಕಕ್ಕೆ ಎಂದು ಅಧಿಕಾರಿ ಬರೆಸಿದಳು. ಗುಮಾಸ್ತ ಅದನ್ನು ತನ್ನದೇ ಉಪಕಾರವೆಂಬಂತೆ ಅಮ್ಮನಿಗೆ ವಿವರಿಸಿದ.

ಹೊರಡುವ ಮುನ್ನ ಅಧಿಕಾರಿ ಅಮ್ಮನ ಕೈಯನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

"ಕೈ ಈಗ ವಾಸಿಯಾಗಿದೆ ತಾನೇ ಅಂತ ಕೇಳ್ತಿದ್ದಾರೆ" ಎಂದ ಗುಮಾಸ್ತ. "ಹೂಂ ಅಂದ್ಬಿಡಿ."

ಅಮ್ಮ ಹೂಂ ಎನ್ನಲು ಬಾಯಿ ತೆರೆದಳು.

"ಅಲ್ಲಮ್ಮ" ಎಂದಳು ಪ್ರಿಂಟು. ಅವಳಿಗೆ ಆ ಮಾತಿನಲ್ಲಿ ಮುಕ್ಕಾಲು ಪಾಲು ಅರ್ಥವಾಗಿರಲಿಲ್ಲ. 'ಪೇಯ್ನ್' ಎಂಬ ಒಂದು ಪದ ಮಾತ್ರ ಅರ್ಥವಾಗಿತ್ತು. "ಇನ್ನೂ ನೋವಿದೆಯಾ ಅಂತ ಕೇಳ್ತಿದ್ದಾರೆ."

ಅಮ್ಮ ಮಗಳ ಮುಖ ನೋಡಿದಳು. ರೋಲರು ಕೈ ಕಚ್ಚಿದ ದಿನದಿಂದ ಆ ಕಟ್ಟಡದಲ್ಲಿ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

"ಇದೆ ಅಂತ ಹೇಳೇ" ಎಂದಳು. "ತುಂಬಾ ಇದೆ ಅಂತ ಹೇಳು."

ಪ್ರಿಂಟು ಅಧಿಕಾರಿಯ ಕಡೆ ತಿರುಗಿ, ತಡವರಿಸುತ್ತ, ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.